ನಾಲ್ಕು ತಾಲ್ಲೂಕುಗಳು, ಒಂದು ಚಿತ್ರ: ಅಂತರಜಾಲದ ದತ್ತಾಂಶ ದೃಶ್ಯೀಕರಣದಲ್ಲಿ ಮರುಬಳಕೆಯ ಘಟಕಗಳು

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಸೇರಿದವು. ಕಂದಾಯ ಆಡಳಿತದಲ್ಲಿ ಇವಕ್ಕೆ ಬೇರೆ ಜಿಲ್ಲೆಯ ಸ್ಥಾನವಿಲ್ಲ. ಆದರೆ ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಈ ನಾಲ್ಕೂ ಸೇರಿ 'ಮಧುಗಿರಿ ಶೈಕ್ಷಣಿಕ ಜಿಲ್ಲೆ'ಯಾಗಿವೆ. ಕರ್ನಾಟಕದಲ್ಲಿ ಇಂದು 31 ಕಂದಾಯ ಜಿಲ್ಲೆಗಳಿದ್ದು, ಶೈಕ್ಷಣಿಕ ಜಿಲ್ಲೆಗಳು 35 ಇವೆ. ಮಧುಗಿರಿ, ಚಿಕ್ಕೋಡಿ ಮತ್ತು ಶಿರಸಿ ಎಂಬ ಮೂರು ಹೆಚ್ಚುವರಿ ಜಿಲ್ಲೆಗಳಿಂದಲೂ ಬೆಂಗಳೂರು ನಗರ ಜಿಲ್ಲೆಯು ಉತ್ತರ, ದಕ್ಷಿಣಗಳೆಂದು ಎರಡಾಗಿರುವುದರಿಂದಲೂ ಈ ನಾಲ್ಕರ ಅಂತರ ಉಂಟಾಗಿದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದಾಗ ಮಧುಗಿರಿಯ ಹೆಸರು ಜಿಲ್ಲೆಗಳ ಸಾಲಿನಲ್ಲಿ ಬರುತ್ತದೆ. ಅದೇ ಫಲಿತಾಂಶವನ್ನು ರಾಜ್ಯದ ಭೂಪಟದ ಮೇಲೆ ಬಣ್ಣದಲ್ಲಿ ತೋರಿಸಹೊರಟರೆ ಮಧುಗಿರಿ ಎಂಬ ಜಿಲ್ಲೆಯ ಆಕಾರ ಸಿದ್ಧ ನಕ್ಷೆಯಲ್ಲಿ ದೊರೆಯುವುದಿಲ್ಲ.

ಅಂಕಿಅಂಶಗಳನ್ನು ಅಂತರಜಾಲದಲ್ಲಿ ಚಿತ್ರವಾಗಿ ತೋರಿಸುವ ಕೆಲಸಕ್ಕೆ ದತ್ತಾಂಶ ದೃಶ್ಯೀಕರಣವೆಂದು ಹೆಸರು. ಪ್ರತಿಯೊಂದು ಚಿತ್ರವನ್ನೂ ಮೊದಲಿನಿಂದ ಬರೆಯದೆ, ಒಮ್ಮೆ ಸಿದ್ಧಪಡಿಸಿದ ಕಂಬಸಾಲು, ಗೆರೆಚಿತ್ರ, ಭೂಪಟ, ಬಣ್ಣದ ಸೂಚಿ ಮೊದಲಾದ ಬಿಡಿಭಾಗಗಳನ್ನು ಬೇರೆ ಬೇರೆ ದತ್ತಾಂಶಗಳಿಗೆ ಮತ್ತೆ ಮತ್ತೆ ಹೊಂದಿಸಿಕೊಳ್ಳುವುದು ಆ ಕ್ಷೇತ್ರದ ಮುಖ್ಯ ಪದ್ಧತಿ. ಇಂತಹ ಮರುಬಳಕೆಯ ಘಟಕಗಳ ಚರಿತ್ರೆಯನ್ನು ಸಂಕ್ಷೇಪವಾಗಿ ಗುರುತಿಸಿ, ಅವು ಈ ನಾಲ್ಕು ತಾಲ್ಲೂಕುಗಳ ವಾಸ್ತವಕ್ಕೆ ಎದುರಾದಾಗ ಏನಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಘಟಕವೊಂದರ ಯೋಗ್ಯತೆಯನ್ನು ಅದು ಎಲ್ಲೆಡೆ ಸಮನಾಗಿರುವುದನ್ನು ಎಷ್ಟು ಬೇಗ ಚಿತ್ರಿಸುತ್ತದೆ ಎಂಬುದಕ್ಕಿಂತ, ಸಮನಾಗಿಲ್ಲದ್ದನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರಿಂದ ಅಳೆಯಬೇಕು ಎಂಬುದು ಇಲ್ಲಿಯ ಪ್ರತಿಪಾದನೆ.

1. ಸರಪಳಿ ಮತ್ತು ಶಾಸನಸಂಖ್ಯೆ

ನೆಲವನ್ನು ಅಳೆದು ಕಾಗದಕ್ಕೆ ಇಳಿಸುವ ಕೆಲಸದಲ್ಲಿ ಮರುಬಳಕೆಯ ಘಟಕ ಬಹಳ ಹಿಂದೆಯೇ ಬಳಕೆಗೆ ಬಂದಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರು ಸಂಸ್ಥಾನದಲ್ಲಿ ನಡೆದ ಕಂದಾಯ ಮೋಜಣಿಯು 33 ಅಡಿಯ ಸರಪಳಿಯನ್ನು ಆಧರಿಸಿತ್ತು. ಈ ಸರಪಳಿ ಒಂದು ಬದಿಯಾದ ಚೌಕವೇ ಗುಂಟೆ. ಅಂತಹ 40 ಗುಂಟೆ ಒಂದು ಎಕರೆ. ಹಳ್ಳಿಯ ರೈತ ಇಂದಿಗೂ ಜಮೀನನ್ನು ಎಕರೆ-ಗುಂಟೆಯಲ್ಲಿ ಹೇಳುತ್ತಾನೆ. ಸರಪಳಿ ಕಣ್ಮರೆಯಾಗಿ ಉಪಗ್ರಹದ ಅಳತೆ ಬಂದ ಮೇಲೂ ಆ ಘಟಕ ಉಳಿದುಕೊಂಡಿದೆ. ಸರ್ವೆ ನಂಬರು, ಹಿಸ್ಸಾ ನಂಬರು, ಗ್ರಾಮ ನಕ್ಷೆಯ ಸಂಕೇತಗಳು ಎಲ್ಲ ಊರಿಗೂ ಒಂದೇ ಆಗಿದ್ದುದರಿಂದಲೇ ಒಂದು ಗ್ರಾಮದ ನಕ್ಷೆ ಓದಲು ಬಲ್ಲವನು ಇನ್ನೊಂದನ್ನೂ ಓದಬಲ್ಲವನಾದ.

ಎರಡನೆಯ ಉದಾಹರಣೆ ಶಾಸನಶಾಸ್ತ್ರದ್ದು. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ತುಮಕೂರು ಜಿಲ್ಲೆಯ ಸಂಪುಟ, ಅಂದರೆ ಹನ್ನೆರಡನೆಯದು, 1904ರಲ್ಲಿ ಹೊರಬಂದಿತು. ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ, ತಾಲ್ಲೂಕಿನ ಹೆಸರಿನ ಸಂಕ್ಷೇಪ ಹಾಗೂ ಒಂದು ಸಂಖ್ಯೆಯಿಂದ ಪ್ರತಿ ಶಾಸನವನ್ನೂ ಗುರುತಿಸುವ ಕ್ರಮವನ್ನು ರೈಸ್ ಅನುಸರಿಸಿದರು. ನಿಡುಗಲ್ಲಿನ ಚೋಳರನ್ನು ಕುರಿತು ಬರೆಯುವವರಾಗಲಿ, ಶಿರಾ ಸೀಮೆಯ ಮೊಗಲ್ ಆಡಳಿತವನ್ನು ಕುರಿತು ಬರೆಯುವವರಾಗಲಿ, ಅದೇ ಸಂಖ್ಯೆಗಳನ್ನು ಮರುಬಳಸಿ ತಮ್ಮ ವಾದವನ್ನು ಕಟ್ಟಿದ್ದಾರೆ. ಆಡಳಿತದ ಎಲ್ಲೆಗಳು ಬದಲಾದರೂ ಸಂಖ್ಯೆ ಬದಲಾಗಲಿಲ್ಲ. ಗುರುತು ಸ್ಥಿರವಾಗಿದ್ದು, ಅದರ ಸುತ್ತಲಿನ ವಿವರ ಬದಲಾಗಲು ಅವಕಾಶವಿರುವುದು ಒಳ್ಳೆಯ ಘಟಕದ ಮೊದಲ ಲಕ್ಷಣವೆಂದು ಇದರಿಂದ ತಿಳಿಯುತ್ತದೆ.

2. ಜನಪದರ ಮರುಬಳಕೆ

ಜಾನಪದದ ವಿದ್ಯಾರ್ಥಿಗಳಿಗೆ ಮರುಬಳಕೆಯ ವಿಚಾರ ಹೊಸದಲ್ಲ. ಚುಕ್ಕಿ ರಂಗೋಲಿಯನ್ನೇ ನೋಡಬಹುದು. 'ಹದಿನೈದು ಚುಕ್ಕಿ, ಎಂಟರವರೆಗೆ ಸಂದು ಚುಕ್ಕಿ' ಎಂದರೆ ಬಲ್ಲ ಹೆಣ್ಣುಮಗಳಿಗೆ ಇಡೀ ಚೌಕಟ್ಟು ಕಣ್ಣಮುಂದೆ ನಿಲ್ಲುತ್ತದೆ. ಆ ಚೌಕಟ್ಟಿನ ಮೇಲೆ ಒಂದೇ ಎಸಳನ್ನು ತಿರುಗಿಸಿ, ಮರಳಿಸಿ, ಕೂಡಿಸಿ ತಾವರೆಯನ್ನೋ ತೇರನ್ನೋ ಎಳೆಯುತ್ತಾಳೆ. ಅಂಗಳ ಚಿಕ್ಕದಾದರೆ ಚುಕ್ಕಿಗಳ ಸಂಖ್ಯೆ ಇಳಿಯುತ್ತದೆ, ಎಸಳಿನ ವಿನ್ಯಾಸ ಹಾಗೆಯೇ ಉಳಿಯುತ್ತದೆ. ಮದರಾಸಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ ಅವರು 1974ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತಮಿಳುನಾಡಿನ ಕೋಲಗಳನ್ನು ಗಣಕವಿಜ್ಞಾನದ ವ್ಯಾಕರಣ ನಿಯಮಗಳ ಮೂಲಕ ವಿವರಿಸಿ, ಮನೆಯಂಗಳದ ಈ ವಿದ್ಯೆಯಲ್ಲಿ ಇರುವ ಘಟಕರಚನೆಯನ್ನು ಸ್ಪಷ್ಟಪಡಿಸಿದರು.

ಮೌಖಿಕ ಕಾವ್ಯದಲ್ಲಿಯೂ ಇದೇ ಬಗೆ. ಮಿಲ್ಮನ್ ಪ್ಯಾರಿ 1930ರ ದಶಕದಲ್ಲಿ ಯುಗೊಸ್ಲಾವಿಯಾದ ಗಾಯಕರಿಂದ ಸಂಗ್ರಹಿಸಿದ ಹಾಡುಗಳ ಆಧಾರದ ಮೇಲೆ ಆಲ್ಬರ್ಟ್ ಲಾರ್ಡ್ 1960ರಲ್ಲಿ ಸೂತ್ರ ಸಿದ್ಧಾಂತವನ್ನು ವಿಸ್ತರಿಸಿದರು. ಗಾಯಕನು ಸಿದ್ಧ ನುಡಿಗಟ್ಟು ಮತ್ತು ಸಿದ್ಧ ಸನ್ನಿವೇಶಗಳನ್ನು ಹೊಂದಿಸುತ್ತ ಹಾಡುವ ಹೊತ್ತಿನಲ್ಲೇ ಕಾವ್ಯವನ್ನು ಕಟ್ಟುತ್ತಾನೆ ಎಂಬುದು ಅದರ ತಿರುಳು. ಶಿರಾ, ಹಿರಿಯೂರು, ಚಳ್ಳಕೆರೆ ಸೀಮೆಯ ಕಾಡುಗೊಲ್ಲರು ಗಣೆಯೆಂಬ ಉದ್ದನೆಯ ಬಿದಿರ ಕೊಳಲಿನೊಡನೆ ಹಾಡುವ ಜುಂಜಪ್ಪನ ಕಾವ್ಯವನ್ನಾಗಲಿ, ಎತ್ತಪ್ಪನ ಕಥನವನ್ನಾಗಲಿ ಈ ಬೆಳಕಿನಲ್ಲಿ ಓದಬಹುದು. ವೀರನ ಹುಟ್ಟು, ದನಗಳ ವರ್ಣನೆ, ಪಯಣ ಇವೆಲ್ಲ ಕಥೆಯಿಂದ ಕಥೆಗೆ ಸಾಗಬಲ್ಲ ಘಟಕಗಳು. ಆದರೆ ವೀರನ ಹೆಸರು, ಅವನ ಹಟ್ಟಿ, ಕೇಳುವವರ ಕುಲದ ಸಂಬಂಧ ಇವುಗಳಿಗೆ ಸೂತ್ರದೊಳಗೆ ತೆರೆದ ಜಾಗವಿರುತ್ತದೆ. ಆ ಜಾಗವನ್ನು ಸರಿಯಾಗಿ ತುಂಬದ ಗಾಯಕನನ್ನು ಹಟ್ಟಿ ಒಪ್ಪುವುದಿಲ್ಲ. ಸ್ಥಿರ ಚೌಕಟ್ಟು ಮತ್ತು ತೆರೆದ ಜಾಗ ಎಂಬ ಈ ಎರಡನ್ನು ಮುಂದಿನ ಚರ್ಚೆಯಲ್ಲಿ ನೆನಪಿನಲ್ಲಿಡಬೇಕು.

3. ಚಿತ್ರಲಿಪಿಯಿಂದ ಅಂತರಜಾಲಕ್ಕೆ

ಅಂಕಿಗಳನ್ನು ಗೆರೆ ಮತ್ತು ಕಂಬಗಳಲ್ಲಿ ತೋರಿಸುವ ಕ್ರಮವನ್ನು ವಿಲಿಯಂ ಪ್ಲೇಫೇರ್ 1786ರ ತನ್ನ ವಾಣಿಜ್ಯ ಅಟ್ಲಾಸಿನಲ್ಲಿ ರೂಢಿಗೆ ತಂದನು. ಮರುಬಳಕೆಯ ದೃಷ್ಟಿಯಿಂದ ಹೆಚ್ಚು ಮಹತ್ತ್ವದ್ದು ಆಟೊ ನ್ಯೂರಾತ್ 1925ರಲ್ಲಿ ವಿಯೆನ್ನಾದಲ್ಲಿ ಸ್ಥಾಪಿಸಿದ ವಸ್ತುಸಂಗ್ರಹಾಲಯದ ಕೆಲಸ. ಸಾಮಾನ್ಯ ಜನರಿಗೆ ಸಮಾಜದ ಅಂಕಿಅಂಶಗಳನ್ನು ತಿಳಿಸಲು ಅಲ್ಲಿ ರೂಪುಗೊಂಡ ಪದ್ಧತಿ ಮುಂದೆ ಐಸೊಟೈಪ್ ಎಂದು ಹೆಸರಾಯಿತು. ಕಲಾವಿದ ಗೆರ್ಡ್ ಆರ್ನ್ಟ್ಸ್ ಸಾವಿರಾರು ಚಿಕ್ಕ ಚಿತ್ರಸಂಕೇತಗಳನ್ನು ಕೆತ್ತಿದನು. ಪ್ರಮಾಣ ಹೆಚ್ಚಾದರೆ ಸಂಕೇತವನ್ನು ದೊಡ್ಡದು ಮಾಡದೆ ಅದೇ ಅಳತೆಯ ಸಂಕೇತಗಳ ಸಂಖ್ಯೆಯನ್ನು ಹೆಚ್ಚಿಸುವುದು ಅಲ್ಲಿಯ ನಿಯಮ. ಅಂಕಿಗಳನ್ನು ನೀಡುವ ತಜ್ಞ ಮತ್ತು ಚಿತ್ರ ಬರೆಯುವ ಕಲಾವಿದ ಇವರಿಬ್ಬರ ನಡುವೆ 'ಪರಿವರ್ತಕ' ಎಂಬ ಮೂರನೆಯ ಪಾತ್ರವಿತ್ತು. ಓದುಗನ ಪರವಾಗಿ ನಿಂತು, ಯಾವುದನ್ನು ಹೇಗೆ ತೋರಿಸಬೇಕೆಂದು ನಿರ್ಧರಿಸುವ ಆ ಹೊಣೆಯನ್ನು ಮುಖ್ಯವಾಗಿ ಮೇರಿ ರೈಡ್‌ಮೈಸ್ಟರ್ ಹೊತ್ತಿದ್ದರು. ಇಂದಿನ ಅಂತರಜಾಲದ ಚಿತ್ರಗಳಲ್ಲಿ ಬಹುಮಟ್ಟಿಗೆ ಕಾಣೆಯಾಗಿರುವ ಪಾತ್ರ ಇದು.

1999ರಲ್ಲಿ ಲೀಲಂಡ್ ವಿಲ್ಕಿನ್ಸನ್ ಅವರು ಚಿತ್ರಗಳಿಗೂ ಒಂದು ವ್ಯಾಕರಣವಿದೆ ಎಂದು ಪ್ರತಿಪಾದಿಸಿದರು. 1928ರಲ್ಲಿ ವ್ಲಾದಿಮಿರ್ ಪ್ರಾಪ್ ರಷ್ಯದ ಕಿನ್ನರ ಕಥೆಗಳನ್ನು 31 ಕ್ರಿಯೆಗಳಾಗಿ ಬಿಡಿಸಿದಂತೆಯೇ ವಿಲ್ಕಿನ್ಸನ್ ಚಿತ್ರವನ್ನು ದತ್ತಾಂಶ, ಅಳತೆಪಟ್ಟಿ, ಆಕಾರ, ಅಕ್ಷ ಮೊದಲಾದ ಅಂಗಗಳಾಗಿ ಬಿಡಿಸಿದರು. ಗೆರೆ ಮತ್ತು ಆಕಾರಗಳನ್ನು ಬರಹದ ರೂಪದಲ್ಲಿ ವಿವರಿಸುವ ಎಸ್.ವಿ.ಜಿ. ಎಂಬ ಮಾನಕ 2001ರಲ್ಲಿ ಅಂಗೀಕೃತವಾದುದರಿಂದ ಈ ಅಂಗಗಳನ್ನು ಅಂತರಜಾಲದಲ್ಲಿ ಚಿತ್ರಿಸುವ ದಾರಿ ತೆರೆಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೈಕ್ ಬೋಸ್ಟಾಕ್, ಜೆಫ್ರಿ ಹೀರ್ ಮತ್ತಿತರರು 2009ರಲ್ಲಿ ಪ್ರೋಟೋವಿಸ್ ಎಂಬುದನ್ನೂ 2011ರಲ್ಲಿ ಡಿ3 ಎಂಬುದನ್ನೂ ಹೊರತಂದರು. 2012ರಲ್ಲಿ ಬೋಸ್ಟಾಕ್ ಮರುಬಳಕೆಯ ಚಿತ್ರಗಳನ್ನು ಕುರಿತು ಬರೆದ ಚಿಕ್ಕ ಲೇಖನವೊಂದು ಆ ಕ್ಷೇತ್ರದಲ್ಲಿ ಬಹಳ ಪ್ರಭಾವ ಬೀರಿತು. ಅದರ ಸಾರ ಸರಳವಾದುದು. ಚಿತ್ರವನ್ನು ಬರೆಯುವ ವಿಧಾನವನ್ನು ಸ್ವತಂತ್ರವಾದ ಒಂದು ಘಟಕವಾಗಿ ಕಟ್ಟಬೇಕು. ಅಗಲ, ಎತ್ತರ ಮೊದಲಾದವುಗಳಿಗೆ ಅದರೊಳಗೆ ಪೂರ್ವನಿಯೋಜಿತ ಮೌಲ್ಯಗಳಿರಬೇಕು. ಬಳಸುವವನು ಘಟಕವನ್ನು ಒಡೆಯದೆಯೇ ಹೊರಗಿನಿಂದ ಅವನ್ನು ಬದಲಾಯಿಸುವಂತಿರಬೇಕು. ದತ್ತಾಂಶವನ್ನು ಘಟಕದೊಳಗೆ ಹೂಳದೆ ಕರೆದಾಗ ಕೊಡಬೇಕು. ಚುಕ್ಕಿಯ ಎಣಿಕೆಯನ್ನು ಬದಲಿಸಿ ಎಸಳನ್ನು ಉಳಿಸಿಕೊಳ್ಳುವ ರಂಗೋಲಿಯ ಕ್ರಮಕ್ಕೆ ಇದು ತೀರ ಹತ್ತಿರವಾಗಿದೆ.

ಕರ್ನಾಟಕದಲ್ಲಿಯೂ ಈ ಕೆಲಸ ನಡೆದಿದೆ. ಅಕ್ಷರ ಫೌಂಡೇಶನ್ 2006ರಲ್ಲಿ ಆರಂಭಿಸಿದ 'ಕರ್ನಾಟಕ ಲರ್ನಿಂಗ್ ಪಾರ್ಟ್ನರ್‌ಶಿಪ್' ಸರ್ಕಾರಿ ಶಾಲೆಗಳ ಮಾಹಿತಿಯನ್ನು ನಕ್ಷೆಯ ಮೇಲೆ ಸಾರ್ವಜನಿಕರಿಗೆ ತೆರೆದಿಟ್ಟಿತು. ಅದರ ತಂತ್ರಾಂಶದ ಮೂಲರೂಪವನ್ನೂ ಮುಕ್ತವಾಗಿ ಪ್ರಕಟಿಸಿತು. 2011ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡೇಟಾಮೀಟ್ ಎಂಬ ಆಸಕ್ತರ ಬಳಗ ಜಿಲ್ಲಾ ಎಲ್ಲೆಗಳೇ ಮೊದಲಾದ ನಕ್ಷಾಭಾಗಗಳನ್ನು ಯಾರು ಬೇಕಾದರೂ ಬಳಸುವಂತೆ ಒದಗಿಸಿತು.

4. ನೆಲವಿಲ್ಲದ ಜಿಲ್ಲೆ

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳತ್ತ ಬರಬಹುದು. ಶಾಲೆಗಳ ರಾಷ್ಟ್ರೀಯ ಮಾಹಿತಿ ವ್ಯವಸ್ಥೆಯಲ್ಲಿ ಪ್ರತಿ ಶಾಲೆಗೂ 11 ಅಂಕಿಗಳ ಸಂಕೇತವಿದೆ. ಮೊದಲ ಎರಡು ಅಂಕಿ ರಾಜ್ಯವನ್ನೂ (ಕರ್ನಾಟಕಕ್ಕೆ 29) ಮುಂದಿನ ಎರಡು ಜಿಲ್ಲೆಯನ್ನೂ ಅನಂತರದವು ಕ್ರಮವಾಗಿ ಬ್ಲಾಕು, ಗ್ರಾಮ ಹಾಗೂ ಶಾಲೆಯನ್ನೂ ಸೂಚಿಸುತ್ತವೆ. ಇಲ್ಲಿ ಮಧುಗಿರಿ ಪ್ರತ್ಯೇಕ ಜಿಲ್ಲೆಯಾಗಿಯೇ ನಿಂತಿದೆ. ಜನಗಣತಿಯ ನಕ್ಷೆಯಲ್ಲಾದರೋ ತುಮಕೂರು ಒಂದೇ.

ಭೂಪಟದ ಘಟಕವು ಸಾಮಾನ್ಯವಾಗಿ ಅಂಕಿಪಟ್ಟಿಯ ಸಾಲನ್ನೂ ನಕ್ಷೆಯ ಆಕಾರವನ್ನೂ ಹೆಸರಿನ ಮೂಲಕ ಕೂಡಿಸುತ್ತದೆ. ಹೀಗೆ ಕೂಡಿಸಿದಾಗ 'ತುಮಕೂರು' ಎಂಬ ಸಾಲಿನ ಫಲಿತಾಂಶ ಹತ್ತೂ ತಾಲ್ಲೂಕುಗಳ ಮೇಲೆ ಬಣ್ಣವಾಗಿ ಹರಡುತ್ತದೆ. ವಾಸ್ತವವಾಗಿ ಅದು ದಕ್ಷಿಣದ ಆರು ತಾಲ್ಲೂಕುಗಳ ಫಲಿತಾಂಶ ಮಾತ್ರ. 'ಮಧುಗಿರಿ' ಎಂಬ ಸಾಲಿಗೆ ಆಕಾರ ಸಿಗದ ಕಾರಣ ಅದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಚಿತ್ರದಲ್ಲಿ ಯಾವ ಬಿರುಕೂ ಕಾಣುವುದಿಲ್ಲ. ನೋಡುವವನು ಶಿರಾದ ಮಕ್ಕಳ ಸಾಧನೆಯೆಂದು ಭಾವಿಸುವುದು ತಿಪಟೂರು, ಕುಣಿಗಲ್ಲುಗಳ ಮಕ್ಕಳದ್ದಾಗಿರುತ್ತದೆ. ನಾಲ್ಕು ತಾಲ್ಲೂಕುಗಳ ಮಕ್ಕಳು ಲೆಕ್ಕದಲ್ಲಿದ್ದೂ ಚಿತ್ರದಲ್ಲಿ ಇಲ್ಲವಾಗುತ್ತಾರೆ.

ಇದಕ್ಕೆ ಪರಿಹಾರ ಘಟಕದ ರಚನೆಯಲ್ಲಿಯೇ ಇದೆ. ಜಿಲ್ಲೆಗೆ ಬದಲಾಗಿ ತಾಲ್ಲೂಕನ್ನು ಮೂಲ ಆಕಾರವಾಗಿ ಇಟ್ಟುಕೊಂಡರೆ ಬೇಕಾದ ಗುಂಪನ್ನು ಕಟ್ಟಿಕೊಳ್ಳಬಹುದು. ಬೋಸ್ಟಾಕ್ ರೂಪಿಸಿದ ಟೋಪೋಜೇಸನ್ ಎಂಬ ನಕ್ಷಾಕ್ರಮದಲ್ಲಿ ನೆರೆಯ ಎರಡು ಪ್ರದೇಶಗಳ ನಡುವಿನ ಗಡಿಗೆರೆಯನ್ನು ಒಮ್ಮೆ ಮಾತ್ರ ದಾಖಲಿಸಿ, ಎರಡೂ ಕಡೆಯವರು ಅದನ್ನೇ ಬಳಸುವಂತೆ ಮಾಡಲಾಗಿದೆ. ಮಧುಗಿರಿ ಮತ್ತು ಕೊರಟಗೆರೆಗಳನ್ನು ಕೂಡಿಸಿದಾಗ ಇಬ್ಬರಿಗೂ ಸೇರಿದ ಒಳಗೆರೆ ಅಳಿದು ಹೊರಗೆರೆ ಉಳಿಯುತ್ತದೆ. ಹೀಗೆ ಅದೇ ತಾಲ್ಲೂಕುಗಳಿಂದ ಒಮ್ಮೆ ಕಂದಾಯ ಜಿಲ್ಲೆಯನ್ನೂ ಇನ್ನೊಮ್ಮೆ ಶೈಕ್ಷಣಿಕ ಜಿಲ್ಲೆಯನ್ನೂ ಪಡೆಯಲು ಸಾಧ್ಯ. ಇದರ ಜೊತೆಗೆ, ಆಕಾರ ದೊರೆಯದೆ ಉಳಿದ ಸಾಲುಗಳನ್ನು ಚಿತ್ರದ ಕೆಳಗೆ ಹೆಸರಿಸಿ ತೋರಿಸುವುದನ್ನು ಘಟಕದ ಕಡ್ಡಾಯ ನಡವಳಿಕೆಯಾಗಿಸಬೇಕು.

5. ಪಾವಗಡವೆಂಬ ಪರೀಕ್ಷೆ

ಒಳಗೆರೆ ಅಳಿಸಿ ಕೂಡಿಸುವ ಈ ವಿಧಾನಕ್ಕೂ ಪಾವಗಡ ಒಂದು ಪರೀಕ್ಷೆ. ಈ ತಾಲ್ಲೂಕು ತುಮಕೂರು ಜಿಲ್ಲೆಯ ಉಳಿದ ಭಾಗಕ್ಕೆ ಅಂಟಿಕೊಂಡಿಲ್ಲ. ಬಹುಭಾಗ ಆಂಧ್ರಪ್ರದೇಶ ಸುತ್ತುವರಿದಿದ್ದು, ಕರ್ನಾಟಕದೊಡನೆ ಅದರ ನೆಲದ ಸಂಬಂಧ ಚಿತ್ರದುರ್ಗ ಜಿಲ್ಲೆಯ ಮೂಲಕ ಇದೆ. ಮಧುಗಿರಿಗೂ ಪಾವಗಡಕ್ಕೂ ನಡುವೆ ಆಂಧ್ರದ ಮಡಕಶಿರಾ ಸೀಮೆ ಚಾಚಿಕೊಂಡಿದೆ. ಆದುದರಿಂದ ತುಮಕೂರು ಜಿಲ್ಲೆಯಾಗಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಲಿ ಒಂದು ಹೆಸರಿನ ಎರಡು ತುಂಡುಗಳು. ಜಿಲ್ಲೆಯೆಂದರೆ ಒಂದೇ ಮುಚ್ಚಿದ ಆಕಾರವೆಂದು ಭಾವಿಸಿ ಬರೆದ ಘಟಕವು ಮೊದಲ ತುಂಡನ್ನು ಚಿತ್ರಿಸಿ ಎರಡನೆಯದನ್ನು ಬಿಟ್ಟುಬಿಡುತ್ತದೆ. ಎರಡನ್ನೂ ಚಿತ್ರಿಸಿದರೂ, ಹೆಸರನ್ನು ಇಡೀ ಆಕಾರದ ನಟ್ಟನಡುವೆ ಬರೆಯುವ ನಿಯಮವಿದ್ದರೆ ಹೆಸರು ಎರಡು ತುಂಡುಗಳ ನಡುವಿನ ಪರರಾಜ್ಯದ ಕಡೆಗೆ ಜಾರುತ್ತದೆ. ಕರ್ನಾಟಕದ ನಕ್ಷಾಘಟಕವನ್ನು ಸಿದ್ಧಪಡಿಸುವವರು ಅದನ್ನು ಮೊದಲು ಪಾವಗಡದ ಮೇಲೆ ಪರೀಕ್ಷಿಸುವುದು ಲೇಸು.

ನಕ್ಷೆಯಲ್ಲಿ ಮಡಕಶಿರಾ ಬಿಳಿಯ ಜಾಗವಾಗಿ ಉಳಿಯುವುದು ಇನ್ನೊಂದು ಸಮಸ್ಯೆ. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಆ ಸೀಮೆಯಲ್ಲಿ ಕನ್ನಡ ಮಾತನಾಡುವವರು ಗಣನೀಯವಾಗಿದ್ದಾರೆ. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇರುವುದೂ ಅಲ್ಲಿಯೇ. ಮಧುಗಿರಿ, ಮಡಕಶಿರಾ, ಪಾವಗಡಗಳ ಮೇಲೆ ಕವಿಯುವ ಬರ ಒಂದೇ; ಜಾತ್ರೆಗೆ ಬರುವ ಜನ, ಕೊಟ್ಟುಕೊಳ್ಳುವ ನೆಂಟಸ್ತಿಕೆ ಗಡಿಯನ್ನು ದಾಟುತ್ತವೆ. ಗಡಿಗೆರೆ ಇಬ್ಬರಿಗೂ ಸಮಾನವಾದ ಒಂದೇ ಗೆರೆಯೆಂಬ ಟೋಪೋಜೇಸನ್ನಿನ ತತ್ತ್ವ ಅನ್ವಯವಾಗಬೇಕಾದರೆ ಎರಡೂ ರಾಜ್ಯಗಳ ಅಂಕಿಗಳನ್ನು ಒಂದೇ ಅಳತೆಪಟ್ಟಿಯಲ್ಲಿ ಕೂಡಿಸಬೇಕಾಗುತ್ತದೆ.

6. ಹೆಸರು ಮತ್ತು ಅಕ್ಷರ

ಹಳೆಯ ಗ್ಯಾಸೆಟಿಯರುಗಳ ಮದ್ದಗಿರಿ ಇಂದಿನ ಮಧುಗಿರಿ. ಶಿರಾವನ್ನು ಸಿರಾ, ಸೀರಾ ಎಂದೂ ಬರೆದದ್ದುಂಟು. 2014ರ ನವೆಂಬರಿನಲ್ಲಿ ಇಂಗ್ಲಿಷಿನಲ್ಲಿ ತುಮಕೂರಿನ ಕಾಗುಣಿತ ಅಧಿಕೃತವಾಗಿ ಬದಲಾಯಿತು. ಹೆಸರಿನ ಮೇಲೆ ಕಟ್ಟಿದ ಜೋಡಣೆ ಇಂತಹ ಪ್ರತಿ ಬದಲಾವಣೆಯಲ್ಲೂ ಕಳಚುತ್ತದೆ. ರೈಸ್ ಅವರ ಶಾಸನಸಂಖ್ಯೆಯಂತೆ ಸ್ಥಿರವಾದ ಸಂಕೇತದಿಂದ ಜೋಡಿಸಿ, ಹೆಸರನ್ನು ತೆರೆದ ಜಾಗವಾಗಿ ಬಿಡುವುದು ಯುಕ್ತ.

ಅಕ್ಷರದ ಸಮಸ್ಯೆ ಇನ್ನೂ ಸೂಕ್ಷ್ಮ. ಗಣಕದ ಯೂನಿಕೋಡ್ ಎಣಿಕೆಯಲ್ಲಿ 'ಮಧುಗಿರಿ' ಏಳು ಸಂಕೇತಗಳ ಪದ, ಕನ್ನಡಿಗನಿಗೆ ನಾಲ್ಕಕ್ಷರ. 'ಕೊರಟಗೆರೆ' ಎಂಟು ಸಂಕೇತ, ಐದಕ್ಷರ. ಉದ್ದವಾದ ಹೆಸರನ್ನು ಇಷ್ಟೇ ಸಂಕೇತಕ್ಕೆ ಕತ್ತರಿಸು ಎಂದು ಹೇಳಿದ ಘಟಕವು ಗುಣಿತಚಿಹ್ನೆಯನ್ನು ಕಳೆದು ಬೇರೆಯದೇ ಪದವನ್ನು ಉಳಿಸುತ್ತದೆ. ಸಾಲಿನ ಎತ್ತರವನ್ನು ರೋಮನ್ ಲಿಪಿಗೆ ಅಳೆದಿದ್ದರೆ ಒತ್ತಕ್ಷರಗಳ ಕೆಳಭಾಗ ಕಡಿದುಹೋಗುತ್ತದೆ. ಅಕಾರಾದಿಯನ್ನು ಇಂಗ್ಲಿಷ್ ಕಾಗುಣಿತದಿಂದ ಮಾಡಿದ್ದರೆ ಕನ್ನಡ ಓದುಗನಿಗೆ ಪಟ್ಟಿ ಅಸ್ತವ್ಯಸ್ತವಾಗಿ ಕಾಣುತ್ತದೆ. ಇವು ಘಟಕವನ್ನು ಕಟ್ಟುವಾಗಲೇ ಒಮ್ಮೆ ಸರಿಪಡಿಸಿದರೆ ಮುಂದಿನ ಎಲ್ಲ ಚಿತ್ರಗಳಲ್ಲಿಯೂ ಸರಿಯಾಗುವಂತಹವು; ತಪ್ಪಿದರೆ ಎಲ್ಲ ಚಿತ್ರಗಳಲ್ಲಿಯೂ ತಪ್ಪುವಂತಹವು.

7. ಮಳೆಯ ಲೆಕ್ಕ ಮತ್ತು ಹಟ್ಟಿಯ ಲೆಕ್ಕ

1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ದೂರಸಂವೇದಿ ಮಾಹಿತಿ ಪಡೆದು ಮಳೆಯ ನಕ್ಷೆಗಳನ್ನು ಪ್ರಕಟಿಸುತ್ತ ಬಂದಿದೆ. ಇಂತಹ ಚಿತ್ರಗಳು ಸರ್ಕಾರದ ತೀರ್ಮಾನಗಳಿಗೆ ಆಧಾರವಾಗುತ್ತವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿದಾಗಲೂ ತಾಲ್ಲೂಕೇ ಘಟಕವಾಗಿತ್ತು.

ಮಳೆಯ ಚಿತ್ರದಲ್ಲಿ ಕಾಲದ ಅಕ್ಷವನ್ನು ಇಂಗ್ಲಿಷ್ ತಿಂಗಳುಗಳಿಂದ ಗುರುತಿಸುವುದು ರೂಢಿ. ಈ ಸೀಮೆಯ ರೈತ ಕಾಲವನ್ನು ಎಣಿಸುವುದು ಮಳೆನಕ್ಷತ್ರಗಳಿಂದ. ವರ್ಷದ 27 ನಕ್ಷತ್ರಗಳಲ್ಲಿ ಒಂದೊಂದಕ್ಕೆ ಸುಮಾರು 13-14 ದಿನ. ಆಶ್ಲೇಷ ಆಗಸ್ಟ್ ಮೊದಲ ವಾರದಲ್ಲಿಯೂ ಮಖೆ ಆಗಸ್ಟ್ ನಡುವಿನಲ್ಲಿಯೂ ಹುಬ್ಬೆ ಆ ತಿಂಗಳ ಕೊನೆಯಲ್ಲಿಯೂ ಹುಟ್ಟುತ್ತವೆ. ಆಶ್ಲೇಷ ಚೆನ್ನಾಗಿ ಸುರಿದು ಮಖೆ ಕೈಕೊಟ್ಟ ವರ್ಷ ಆಗಸ್ಟಿನ ಕಂಬ ವಾಡಿಕೆಯ ಎತ್ತರವನ್ನೇ ತೋರಿಸಬಹುದು. ಹೊಲದಲ್ಲಿ ಮಾತ್ರ, ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿನಲ್ಲಿ ಕಡಲೆಕಾಯಿ ಬಾಡಿರುತ್ತದೆ. ದಿನದಿನದ ಮಳೆಯ ಅಂಕಿ ಇರುವಾಗ ಅದೇ ಕಂಬಸಾಲಿನ ಘಟಕಕ್ಕೆ ತಿಂಗಳ ಬದಲು ನಕ್ಷತ್ರದ ಅಕ್ಷವನ್ನು ಕೊಡುವುದು ಕಷ್ಟವಲ್ಲ. ಕಾಲವನ್ನು ಹೇಗೆ ತುಂಡರಿಸಬೇಕು ಎಂಬುದನ್ನು ಘಟಕದೊಳಗೆ ಹೂಳದೆ ತೆರೆದಿಟ್ಟಿರಬೇಕು, ಅಷ್ಟೆ.

ಕೊನೆಯದಾಗಿ, ಹಟ್ಟಿಗಳ ವಿಚಾರ. ಗೊಲ್ಲರಹಟ್ಟಿಗಳು ಬಹುಕಾಲ ಕಂದಾಯ ಗ್ರಾಮದ ಒಳಗಿನ ಜನವಸತಿಗಳಾಗಿದ್ದವೇ ಹೊರತು ಸ್ವತಂತ್ರ ಗ್ರಾಮಗಳಾಗಿರಲಿಲ್ಲ. ಗ್ರಾಮವಾರು ಅಂಕಿಯಲ್ಲಿ ಹಟ್ಟಿಯ ಸ್ಥಿತಿ ಮುಖ್ಯ ಗ್ರಾಮದ ಸರಾಸರಿಯಲ್ಲಿ ಕರಗುತ್ತದೆ. ಊರಿನ ನಳ್ಳಿ, ಊರಿನ ಶಾಲೆ ಚಿತ್ರದಲ್ಲಿ ಕಂಡಾಗ ಹಟ್ಟಿಗೂ ಅವು ದೊರೆತಿವೆ ಎಂಬ ಭ್ರಮೆ ಉಂಟಾಗುತ್ತದೆ. ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯ ಬಳಿಕ, 2017ರಿಂದೀಚೆಗೆ, ಹಟ್ಟಿ ಮತ್ತು ತಾಂಡಾಗಳನ್ನು ಕಂದಾಯ ಗ್ರಾಮಗಳಾಗಿಸುವ ಕಾರ್ಯ ಕೈಗೊಳ್ಳಲಾಗಿದೆ. ಹೊಸ ಗ್ರಾಮಕ್ಕೆ ಸಂಕೇತ ದೊರೆತರೂ ಹಳೆಯ ನಕ್ಷಾಭಾಗಗಳನ್ನೇ ಮರುಬಳಸುವವರೆಗೆ ಅದು ಅಂತರಜಾಲದ ಚಿತ್ರದಲ್ಲಿ ಮೂಡುವುದಿಲ್ಲ. ಜುಂಜಪ್ಪನ ಕಾವ್ಯದಲ್ಲಿ ಹೆಸರು ಹಿಡಿದು ಕರೆಸಿಕೊಳ್ಳುವ ಹಟ್ಟಿಗೆ ರಾಜ್ಯದ ನಕ್ಷೆಯಲ್ಲಿ ಒಂದು ಚುಕ್ಕಿಯ ಜಾಗವೂ ಇಲ್ಲದಿರುವುದು ವಿಚಾರಾರ್ಹ.

8. ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮರುಬಳಕೆ ಶ್ರಮವನ್ನು ಉಳಿಸುವಷ್ಟೇ ಸುಲಭವಾಗಿ ತಪ್ಪನ್ನೂ ಹರಡುತ್ತದೆ. ಆದುದರಿಂದ ಘಟಕವನ್ನು ಕಟ್ಟುವಾಗ ಯಾವುದು ಸ್ಥಿರ, ಯಾವುದು ತೆರೆದ ಜಾಗ ಎಂಬ ವಿವೇಚನೆ ಮುಖ್ಯ. ಗುರುತಿನ ಸಂಕೇತ, ಗಡಿಗೆರೆ, ಅಳತೆಪಟ್ಟಿ ಸ್ಥಿರವಾಗಿರಲಿ. ಗುಂಪುಗಾರಿಕೆ, ಹೆಸರು, ಲಿಪಿ, ಕಾಲಗಣನೆ ಸ್ಥಳಕ್ಕೆ ತಕ್ಕಂತೆ ಬದಲಾಗಲಿ. ನ್ಯೂರಾತ್‌ನ ಬಳಗದಲ್ಲಿದ್ದ ಪರಿವರ್ತಕನ ಪಾತ್ರವನ್ನು ಇಲ್ಲಿ ವಹಿಸಬಲ್ಲವರು ಸ್ಥಳೀಯ ನುಡಿ, ಮಳೆಲೆಕ್ಕ ಮತ್ತು ವಸತಿಕ್ರಮಗಳನ್ನು ಬಲ್ಲ ಕ್ಷೇತ್ರಕಾರ್ಯಕರ್ತರು. ಜಾನಪದ ಅಧ್ಯಯನ ವಿಭಾಗಗಳೂ ಅಕಾಡೆಮಿಗಳೂ ತಾಲ್ಲೂಕುವಾರು ನಕ್ಷಾಭಾಗಗಳು, ಹಟ್ಟಿ-ತಾಂಡಾಗಳ ಸ್ಥಾನಸೂಚಿ, ಮಳೆನಕ್ಷತ್ರಗಳ ವಾರ್ಷಿಕ ಪಂಚಾಂಗ ಮತ್ತು ಬೆಳೆಗಳ ಸ್ಥಳೀಯ ಹೆಸರುಗಳ ಕೋಶ ಇವುಗಳನ್ನು ಗಣಕ ಓದಬಲ್ಲ ರೂಪದಲ್ಲಿ ಸಿದ್ಧಪಡಿಸಿ ಮುಕ್ತವಾಗಿ ಪ್ರಕಟಿಸಿದರೆ, ತಂತ್ರಜ್ಞರು ಕಟ್ಟುವ ಘಟಕಗಳಲ್ಲಿ ಅವು ತಾವಾಗಿಯೇ ಸೇರಿಕೊಳ್ಳುತ್ತವೆ. ಈ ಕಾರ್ಯವನ್ನು ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡಗಳಿಂದ ಆರಂಭಿಸಲು ಸಾಕಷ್ಟು ಕಾರಣಗಳಿವೆ. ಎರಡು ತುಂಡಾದ ಜಿಲ್ಲೆ, ನೆಲವಿಲ್ಲದ ಜಿಲ್ಲೆ, ಸಂಖ್ಯೆಯಿಲ್ಲದ ಹಟ್ಟಿ ಈ ಮೂರನ್ನೂ ಸರಿಯಾಗಿ ತೋರಿಸಬಲ್ಲ ಘಟಕವು ರಾಜ್ಯದ ಉಳಿದ ತಾಲ್ಲೂಕುಗಳಿಗೂ ಒದಗಿಬರುತ್ತದೆ.